ರೇಷ್ಮೆಯ ಎಳೆ ಮತ್ತು ಮೂಳೆಯ ಮರುಹುಟ್ಟು

ಚರ್ಮದ ಆಳವಾದ ಗಾಯ ಮಾಯ್ದ ಮೇಲೂ ಕಲೆ ಉಳಿಯುತ್ತದೆ. ಸರಿಯಾಗಿ ಕೂಡಿದ ಮೂಳೆಯಲ್ಲಾದರೋ ಕೆಲವು ವರ್ಷಗಳ ಅನಂತರ ಮುರಿತದ ಗುರುತನ್ನು ಹುಡುಕುವುದೇ ಕಷ್ಟ. ಮುರಿದೆಡೆಯಲ್ಲಿ ಹೊಸ ಮೂಳೆಯನ್ನೇ ಕಟ್ಟಿಕೊಳ್ಳುವ ಈ ಶಕ್ತಿ ದೇಹದ ಸೋಜಿಗಗಳಲ್ಲಿ ಒಂದು. ಆದರೆ ಅದಕ್ಕೂ ಒಂದು ಮಿತಿಯುಂಟು. ಅಪಘಾತದಲ್ಲಿ ಮೂಳೆಯ ಒಂದು ಭಾಗವೇ ನಷ್ಟವಾದಾಗ, ಗೆಡ್ಡೆಯೊಡನೆ ಮೂಳೆಯನ್ನೂ ತೆಗೆಯಬೇಕಾಗಿ ಬಂದಾಗ, ಅಥವಾ ಸೋಂಕಿನಿಂದ ಮೂಳೆ ಕರಗಿಹೋದಾಗ ಉಂಟಾಗುವ ದೊಡ್ಡ ತೆರಪನ್ನು ದೇಹವು ತಾನಾಗಿ ತುಂಬಿಕೊಳ್ಳಲಾರದು. ಅಂಥ ತೆರಪನ್ನು ತುಂಬಲು ವಿಜ್ಞಾನಿಗಳು ಇಂದು ಪರೀಕ್ಷಿಸುತ್ತಿರುವ ವಸ್ತುಗಳಲ್ಲಿ ರೇಷ್ಮೆಯೂ ಒಂದು.

ರಾಯಚೂರು, ದೇವದುರ್ಗ, ಮಾನ್ವಿಗಳ ಜನರಿಗೆ ಈ ವಿಷಯ ಎರಡು ಕಾರಣಗಳಿಂದ ಹತ್ತಿರವಾದುದು. ರೇಷ್ಮೆಯು ಕನ್ನಡನಾಡಿನ ಹೆಮ್ಮೆಯ ಉತ್ಪನ್ನ. ಮೂಳೆಯ ಬೇನೆಯಾದರೋ ಈ ಸೀಮೆಯ ನೀರಿನೊಡನೆಯೇ ಸಂಬಂಧ ಹೊಂದಿದೆ.

ಮೂಳೆಯ ರಚನೆ

ಮೂಳೆ ಜಡವಸ್ತುವಲ್ಲ. ಅದರ ತೂಕದ ಸುಮಾರು ಮೂರನೆಯ ಎರಡು ಭಾಗ ಖನಿಜ. ಉಳಿದುದರಲ್ಲಿ ಬಹುಪಾಲು ಕೊಲಾಜನ್ ಎಂಬ ಪ್ರೋಟೀನು, ಸ್ವಲ್ಪ ಭಾಗ ನೀರು. ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್ ಖನಿಜವು ಗಡಸುತನವನ್ನು ನೀಡಿದರೆ, ಕೊಲಾಜನ್ ನಾರುಗಳು ಬಾಗುವ ಗುಣವನ್ನು ನೀಡುತ್ತವೆ. ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಯನ್ನು ಕರಗಿಸುತ್ತಲೂ, ಆಸ್ಟಿಯೋಬ್ಲಾಸ್ಟ್ ಎಂಬ ಕೋಶಗಳು ಹೊಸದನ್ನು ಕಟ್ಟುತ್ತಲೂ ಇರುತ್ತವೆ. ಈ ಕಟ್ಟುವ ಕೋಶಗಳಿಗೆ ಕಾಲೂರಲು ನೆಲೆ ಬೇಕು, ರಕ್ತನಾಳಗಳಿಗೆ ದಾರಿ ಬೇಕು. ದೊಡ್ಡ ತೆರಪಿನಲ್ಲಿ ಇವೆರಡೂ ಇರುವುದಿಲ್ಲ.

ಇಂತಹ ಸಂದರ್ಭದಲ್ಲಿ ರೋಗಿಯ ಸೊಂಟದ ಮೂಳೆಯಿಂದಲೇ ಚೂರುಗಳನ್ನು ತೆಗೆದು ತುಂಬುವುದು ಇಂದಿಗೂ ಶ್ರೇಷ್ಠವೆನಿಸಿದ ಪದ್ಧತಿ. ಆದರೆ ಅದಕ್ಕೆ ಇನ್ನೊಂದೆಡೆ ಕೊಯ್ಯಬೇಕು. ದೊರೆಯುವ ಮೂಳೆಯೂ ಅಲ್ಪ. ಲೋಹದ ಪಟ್ಟಿ ಮತ್ತು ತಿರುಪುಗಳು ಮುರಿದ ತುದಿಗಳನ್ನು ಭದ್ರವಾಗಿ ಹಿಡಿಯುತ್ತವೆಯೇ ಹೊರತು ತಾವು ಮೂಳೆಯಾಗುವುದಿಲ್ಲ. ಕೆಲವೊಮ್ಮೆ ಅವನ್ನು ಹೊರತೆಗೆಯಲು ಎರಡನೆಯ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ.

ರೇಷ್ಮೆಯ ಯೋಗ್ಯತೆ

ಹಿಪ್ಪುನೇರಳೆಯ ಸೊಪ್ಪನ್ನು ಮೇದು ನಾಲ್ಕು ಜ್ವರಗಳನ್ನು ದಾಟಿದ ಹಣ್ಣುಹುಳು ಚಂದ್ರಂಕಿಯಲ್ಲಿ ಗೂಡು ಕಟ್ಟುವಾಗ ಎರಡು ಪ್ರೋಟೀನುಗಳನ್ನು ಸ್ರವಿಸುತ್ತದೆ. ಒಳಗಿನ ನಾರು ಫೈಬ್ರಾಯಿನ್. ಅದನ್ನು ಅಂಟಿನಂತೆ ಸುತ್ತಿರುವುದು ಸೆರಿಸಿನ್. ಎಳೆಯ ತೂಕದಲ್ಲಿ ಫೈಬ್ರಾಯಿನಿನ ಪಾಲು ಸುಮಾರು ೭೦ರಿಂದ ೮೦ ಶೇಕಡ. ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಚಿಕ್ಕ ಅಮೈನೋ ಆಮ್ಲಗಳು ಅದರಲ್ಲಿ ಮತ್ತೆ ಮತ್ತೆ ಬಂದು, ಅಣುಸರಣಿಗಳು ಒತ್ತೊತ್ತಾದ ಹಾಳೆಗಳಂತೆ ಜೋಡಣೆಗೊಳ್ಳುತ್ತವೆ. ಎಳೆಯ ಬಲದ ಗುಟ್ಟು ಇದೇ. ದೇಹದೊಳಗೆ ಅದು ಬಹು ನಿಧಾನವಾಗಿ ಕರಗುತ್ತದೆ. ಶಸ್ತ್ರವೈದ್ಯರು ಗಾಯ ಹೊಲಿಯಲು ರೇಷ್ಮೆದಾರವನ್ನು ಬಹುಕಾಲದಿಂದ ಬಳಸುತ್ತ ಬಂದಿರುವುದು ಸರ್ವವಿದಿತ.

ಚಿಕಿತ್ಸೆಯ ವಸ್ತುವನ್ನು ಸಿದ್ಧಪಡಿಸುವ ಕ್ರಮ ಹೀಗಿದೆ. ಗೂಡನ್ನು ಕತ್ತರಿಸಿ ಒಳಗಿನ ಕೋಶವನ್ನು ತೆಗೆದು, ಸೋಡಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಸುಮಾರು ಅರ್ಧ ಗಂಟೆ ಕುದಿಸುತ್ತಾರೆ. ಅಂಟು ಬಿಟ್ಟುಹೋಗಿ ಫೈಬ್ರಾಯಿನ್ ಮಾತ್ರ ಉಳಿಯುತ್ತದೆ. ಅದನ್ನು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ತೆಳುಪೊರೆಯ ಚೀಲದಲ್ಲಿ ತುಂಬಿ, ಶುದ್ಧ ನೀರಿನಲ್ಲಿ ಎರಡು ಮೂರು ದಿನ ಇಟ್ಟರೆ ಲವಣ ಹೊರಟುಹೋಗುತ್ತದೆ. ಉಳಿದ ಪ್ರೋಟೀನು ದ್ರಾವಣಕ್ಕೆ ಉಪ್ಪಿನ ಹರಳುಗಳನ್ನು ಸೇರಿಸಿ, ಅದು ಗಟ್ಟಿಯಾದ ಮೇಲೆ ಉಪ್ಪನ್ನು ನೀರಿನಿಂದ ತೊಳೆದರೆ, ಹರಳುಗಳಿದ್ದೆಡೆಯಲ್ಲೆಲ್ಲ ರಂಧ್ರಗಳು ಉಳಿದು ಸ್ಪಂಜು ಸಿದ್ಧವಾಗುತ್ತದೆ. ಮೂಳೆಯ ಕೋಶಗಳೂ ರಕ್ತನಾಳಗಳೂ ಈ ರಂಧ್ರಗಳೊಳಗೆ ಬೆಳೆಯುತ್ತವೆ.

ಮನೆ ಕಟ್ಟುವಾಗ ಗೌಂಡಿಗಳು ನಿಲ್ಲಿಸುವ ಸಾರುವೆಗೆ ಇದನ್ನು ಹೋಲಿಸಬಹುದು. ಸಾರುವೆ ಗೋಡೆಯಲ್ಲ, ಗೋಡೆ ಏಳುವವರೆಗೆ ಕೆಲಸಗಾರನಿಗೆ ನಿಲ್ಲಲು ಆಧಾರ. ಹಾಗೆಯೇ ರೇಷ್ಮೆ ಮೂಳೆಯನ್ನು ಕಟ್ಟುವುದಿಲ್ಲ, ಕಟ್ಟುವುದು ದೇಹವೇ. ಹೊಸ ಮೂಳೆ ಬೆಳೆದಂತೆ ರೇಷ್ಮೆ ಕ್ರಮೇಣ ಕರಗಬೇಕೆಂಬುದೇ ಇಲ್ಲಿನ ಉದ್ದೇಶ.

ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ನೂಲು ಬಿಚ್ಚಲು ಎಳೆ ಕಡಿಯದ ಗೂಡೇ ಬೇಕು. ಆದರೆ ಕರಗಿಸುವ ಈ ಕ್ರಮದಲ್ಲಿ ಎಳೆಯ ಉದ್ದಕ್ಕೆ ಬೆಲೆಯಿಲ್ಲ. ಚಿಟ್ಟೆ ತೂತು ಮಾಡಿ ಹೊರಟುಹೋದ ಗೂಡಿನ ಪ್ರೋಟೀನೂ ಪ್ರೋಟೀನೇ.

ಸಾಧನೆ ಮತ್ತು ಮಿತಿ

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಕಪ್ಲಾನ್ ಅವರ ತಂಡದಲ್ಲಿದ್ದ ಭಾರತೀಯ ವಿಜ್ಞಾನಿ ಬಿಮನ್ ಮಂಡಲ್ ಮತ್ತು ಸಂಗಡಿಗರು ೨೦೧೨ರಲ್ಲಿ, ರೇಷ್ಮೆಯ ಸ್ಪಂಜಿಗೆ ರೇಷ್ಮೆಯದೇ ಸೂಕ್ಷ್ಮ ನಾರಿನ ಚೂರುಗಳನ್ನು ಬೆರೆಸಿ ಬಲಪಡಿಸುವ ವಿಧಾನವನ್ನು ಪ್ರಕಟಿಸಿದರು. ಒದ್ದೆಯಾಗಿರುವಾಗಲೂ ಅದು ಸುಮಾರು ೧೩ ಮೆಗಾಪ್ಯಾಸ್ಕಲ್ ಒತ್ತಡವನ್ನು ತಾಳಿತು. ೨೦೧೪ರಲ್ಲಿ ರೇಷ್ಮೆಯಿಂದ ಮಾಡಿದ ತಿರುಪುಗಳನ್ನು ಇಲಿಗಳ ಕಾಲಿನ ಮೂಳೆಯಲ್ಲಿ ಕೂರಿಸಿ ಪರೀಕ್ಷಿಸಲಾಯಿತು. ನಮ್ಮ ದೇಶದಲ್ಲಿ ಖರಗ್‌ಪುರದ ಐಐಟಿಯಲ್ಲಿ ಸುಭಾಸ್ ಕುಂಡು ಮತ್ತು ಅವರ ಶಿಷ್ಯರು ಟಸಾರ್ ಮೊದಲಾದ ಕಾಡುರೇಷ್ಮೆಗಳನ್ನು ಅಭ್ಯಸಿಸಿದರು. ಕೋಶಗಳು ಹಿಡಿದುಕೊಳ್ಳಲು ಅನುಕೂಲವಾದ ಅಮೈನೋ ಆಮ್ಲಗಳ ಸರಣಿಯೊಂದು ಟಸಾರ್ ರೇಷ್ಮೆಯಲ್ಲಿ ಸಹಜವಾಗಿಯೇ ಇದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿಯೂ ಮೂಳೆಯ ತೆರಪು ತುಂಬುವ ರೇಷ್ಮೆವಸ್ತುವಿನ ಸಂಶೋಧನೆ ನಡೆದಿದೆ.

ಇಷ್ಟಾದರೂ ಉತ್ಪ್ರೇಕ್ಷೆ ಸಲ್ಲದು. ತೊಡೆಯ ಮೂಳೆಯ ಗಟ್ಟಿಯಾದ ಹೊರಪದರವು ೧೦೦ ಮೆಗಾಪ್ಯಾಸ್ಕಲಿಗೂ ಮಿಕ್ಕಿದ ಒತ್ತಡವನ್ನು ತಾಳಬಲ್ಲದು. ಆದ್ದರಿಂದ ದೇಹದ ಭಾರ ಹೊರುವೆಡೆಯಲ್ಲಿ ರೇಷ್ಮೆಯ ಸ್ಪಂಜೊಂದೇ ಸಾಲದು. ಲೋಹದ ಆಸರೆ ಬೇಕೇ ಬೇಕು. ಇಲಿಗಳಲ್ಲಿ ಸಫಲವಾದುದೆಲ್ಲ ಮನುಷ್ಯರಲ್ಲಿ ಸಫಲವಾಗುವುದೆಂಬ ಭರವಸೆಯೂ ಇಲ್ಲ.

ಮೈಸೂರು ಸೀಮೆಯಲ್ಲಿ ಟಿಪ್ಪು ಸುಲ್ತಾನನ ಕಾಲದಿಂದ ಬೇರೂರಿದ ರೇಷ್ಮೆ ಕೃಷಿ, ೧೯೧೨ರಲ್ಲಿ ಮೈಸೂರಿನಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆ, ೧೯೬೧ರಲ್ಲಿ ಅಲ್ಲಿಯೇ ಸ್ಥಾಪಿತವಾದ ಕೇಂದ್ರೀಯ ರೇಷ್ಮೆ ಸಂಶೋಧನ ಸಂಸ್ಥೆ, ರಾಮನಗರದ ಗೂಡಿನ ಮಾರುಕಟ್ಟೆ ಇವೆಲ್ಲ ಇರುವ ನಾಡಿಗೆ, ಸೀರೆಯಾಚೆಗೂ ರೇಷ್ಮೆಗೊಂದು ಬದುಕುಂಟೆಂಬುದು ಯೋಚನಾರ್ಹವಾದ ವಿಷಯ.

ಎಡೆದೊರೆ ನಾಡಿನ ಮೂಳೆ

ಸಾರುವೆ ಎಷ್ಟೇ ಉತ್ತಮವಾಗಿದ್ದರೂ ಕಟ್ಟುವ ಸಾಮಗ್ರಿಯೇ ಕೆಟ್ಟಿದ್ದರೆ ಗೋಡೆ ನಿಲ್ಲದು. ಕೃಷ್ಣೆಯ ಕಡೆಗಿರುವ ದೇವದುರ್ಗ, ತುಂಗಭದ್ರೆಯ ಕಡೆಗಿರುವ ಮಾನ್ವಿ ಸೇರಿದಂತೆ ರಾಯಚೂರು ಜಿಲ್ಲೆಯ ಹಲವು ಗ್ರಾಮಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿಮೀರಿ ಕಂಡುಬಂದಿದೆ. ಎರಡು ಹೊಳೆಗಳ ನಡುವಣ ನಾಡಿನಲ್ಲಿ ಇಂತಹ ತೊಂದರೆ ಬಂದುದು ವಿಪರ್ಯಾಸವೇ ಸರಿ. ಈ ನೆಲದಡಿಯ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ ೧ ಮಿಲಿಗ್ರಾಮಿನೊಳಗಿರಬೇಕು. ಬೇರೆ ನೀರು ದೊರೆಯದಾಗ ೧.೫ ಮಿಲಿಗ್ರಾಮ್ ಕೊನೆಯ ಮಿತಿ.

ಇಂತಹ ನೀರನ್ನು ಹಲವು ವರ್ಷ ಕುಡಿದಾಗ ಫ್ಲೋರೈಡ್ ಮೂಳೆಯ ಖನಿಜದೊಳಗೇ ಸೇರಿಕೊಳ್ಳುತ್ತದೆ. ಮೂಳೆ ನೋಟಕ್ಕೆ ದಟ್ಟವಾದರೂ ಬಲಗುಂದುತ್ತದೆ. ಬೆನ್ನುಮೂಳೆ ಬಿಗಿಯುತ್ತದೆ, ಕೀಲುಗಳು ನೋಯುತ್ತವೆ. ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳಿಗೆ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ. ಭಾರತದಲ್ಲಿ ಈ ಮೂಳೆರೋಗವನ್ನು ೧೯೩೭ರಲ್ಲಿಯೇ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ವರ್ಣಿಸಿದ್ದರು. ಇಡೀ ಅಸ್ಥಿಪಂಜರವನ್ನು ವ್ಯಾಪಿಸುವ ಈ ಬೇನೆಗೆ, ಒಂದು ತೆರಪನ್ನು ಮಾತ್ರ ತುಂಬಬಲ್ಲ ರೇಷ್ಮೆಯ ಸ್ಪಂಜು ಪರಿಹಾರವಲ್ಲ. ಪರಿಹಾರವಿರುವುದು ನೀರಿನಲ್ಲಿ.

ಶಾಲೆಯ ಹೊಣೆ

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪರೀಕ್ಷೆಯಿಲ್ಲದೆ ಅದು ತಿಳಿಯದು. ನೀರನ್ನು ಕಾಯಿಸುವುದರಿಂದ ಕ್ರಿಮಿಗಳು ಸಾಯುವುವೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದರ ಪ್ರಮಾಣ ಏರುತ್ತದೆ. ಇದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಅರಿತಿರಬೇಕು. ಜಿರ್ಕೋನಿಯಂ ಮತ್ತು ಅಲಿಜರಿನ್ ಕೂಡಿದ ಕೆಂಪು ದ್ರಾವಣವು ಫ್ಲೋರೈಡ್ ಹೆಚ್ಚಿದಂತೆ ಹಳದಿಗೆ ತಿರುಗುತ್ತದೆ. ಈ ಸರಳ ಪರೀಕ್ಷೆಯನ್ನು ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಉಪಾಧ್ಯಾಯರ ಎದುರಿನಲ್ಲಿ ಮಾಡಿಸಬಹುದು. ವಿದ್ಯಾರ್ಥಿಗಳು ತಮ್ಮ ಊರಿನ ಕೊಳವೆಬಾವಿಯ ನೀರನ್ನು ಸೀಸೆಯಲ್ಲಿ ತಂದು ಪರೀಕ್ಷಿಸಿದರೆ ಆ ಪಾಠ ಜೀವನಪರ್ಯಂತ ಮರೆಯದು. ಮಿತಿಮೀರಿದೆಯೆಂದು ಕಂಡಲ್ಲಿ ಸರಕಾರಿ ಪ್ರಯೋಗಾಲಯದಿಂದ ಖಚಿತಪಡಿಸಿಕೊಳ್ಳುವುದು ಮುಂದಿನ ಹೆಜ್ಜೆ. ಶುದ್ಧವಾಗಿ ಹಿಡಿದಿಟ್ಟ ಮಳೆನೀರು, ಶುದ್ಧೀಕರಿಸಿದ ಹೊಳೆನೀರು, ಸಕ್ರಿಯ ಅಲ್ಯೂಮಿನಾದ ಸೋಸುಕ, ಪಟಿಕ ಮತ್ತು ಸುಣ್ಣವನ್ನು ಬಳಸುವ ನಲ್ಗೊಂಡ ವಿಧಾನ ಇವು ಪರಿಹಾರದ ಮಾರ್ಗಗಳು. ಹಾಲು, ರಾಗಿಯಂತಹ ಕ್ಯಾಲ್ಸಿಯಂ ಭರಿತ ಆಹಾರವೂ ಮಕ್ಕಳ ಮೂಳೆಗೆ ಬಲ.

ಒಂದು ಶಾಲೆಯಲ್ಲಿ ಮಳೆನೀರಿನ ತೊಟ್ಟಿಯನ್ನು ಕಟ್ಟಿಸುವ ದಾನಿ, ನೀರಿನ ಪರೀಕ್ಷೆಯನ್ನು ಕಲಿಸುವ ಉಪಾಧ್ಯಾಯ, ಆ ಕಲಿಕೆಯನ್ನು ತನ್ನ ಊರಿಗೆ ಒಯ್ಯುವ ಹಳೆಯ ವಿದ್ಯಾರ್ಥಿ, ಈ ಮೂವರೂ ಎಡೆದೊರೆ ನಾಡಿನ ಮಕ್ಕಳ ಮೂಳೆಯನ್ನು ಕಾಯುವವರೇ. ಮುರಿದ ಮೂಳೆಗೆ ಸಾರುವೆ ಕಟ್ಟುವ ವಿದ್ಯೆ ನಾಳೆ ಈ ಮಕ್ಕಳಲ್ಲಿಯೇ ಯಾರಿಗಾದರೂ ಒಲಿಯಬಹುದು. ಅಲ್ಲಿಯವರೆಗೆ ಅವರ ಮೂಳೆಗಳು ಗಟ್ಟಿಯಾಗಿರುವಂತೆ ನೋಡಿಕೊಳ್ಳುವುದು ಹಿರಿಯರ ಕರ್ತವ್ಯ.