ಚಳಿಗೆ ಹೋಟೆಲ್ ಪೈಪ್ ಯಾಕೆ ಕಟ್ಟಿಕೊಳ್ಳುತ್ತೆ?

ಡಿಸೆಂಬರ್ ಬೆಳಗ್ಗೆ ವಿಜಯನಗರದ ದರ್ಶಿನಿಯಲ್ಲಿ ಬೆಣ್ಣೆ ದೋಸೆ ತಿಂದ ತಟ್ಟೆ ನೋಡಿ, ಜಿಡ್ಡು ಹೆಪ್ಪುಗಟ್ಟಿರುತ್ತೆ. ನಮ್ಮೂರಲ್ಲಿ ಹಿಮ ಬೀಳಲ್ಲ. ಆದರೆ ಡಾಲ್ಡಾ ಗಟ್ಟಿಯಾಗೋಕೆ 16 ಡಿಗ್ರಿ ಧಾರಾಳ ಸಾಕು.

ಪೈಪಿನೊಳಗೂ ಇದೇ ಕತೆ. ಕುದಿಯೋ ನೀರು ಸುರಿದರೆ ಜಿಡ್ಡು ಕರಗಿ, ಮುಂದೆ ತಣ್ಣಗಾಗಿ ಮತ್ತೆ ಅಂಟುತ್ತೆ. ಅಡುಗೆಮನೆಯ ಬ್ಲಾಕ್ ರಸ್ತೆಗೆ ಹೋಯ್ತು, ಅಷ್ಟೆ! ಸೆಕೆಂಡಿಗೆ 0.6 ಮೀಟರ್ ವೇಗವಿದ್ದರೆ ಮರಳು ಕೊಚ್ಚಿಹೋಗುತ್ತೆ ಅಂತ ಓದಿದ್ದೀವಲ್ಲ, ಅಂಟಿದ ಜಿಡ್ಡಿಗೆ ಆ ಲೆಕ್ಕ ನಡೆಯಲ್ಲ.

ಅದನ್ನು ಮೊದಲೇ ಹಿಡಿಯಬೇಕು. ಗ್ರೀಸ್ ಟ್ರ್ಯಾಪ್‌ನಲ್ಲಿ ನೀರು ನಿಧಾನವಾದಾಗ ಹಗುರವಾದ ಜಿಡ್ಡು ಮೇಲೆ ತೇಲುತ್ತೆ; ಟ್ರ್ಯಾಪ್ ಕಾಲು ಭಾಗ ತುಂಬುವ ಮೊದಲೇ ತೆಗೆಸಬೇಕು.

ಆಮೇಲೂ ಕಟ್ಟಿಕೊಂಡರೆ ಜೆಟ್ಟಿಂಗ್ ಮಷೀನ್ ತರಿಸಿ. ರಕ್ಷಣಾ ಸಲಕರಣೆ ಇಲ್ಲದೆ ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಒಳಗೆ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯಲ್ಲ.