ಆಸಿಡ್ ಸುರಿದರೆ ಸ್ವಚ್ಛವಾಯಿತೇ? ನಿಲ್ದಾಣದ ಶೌಚಾಲಯದಲ್ಲಿ ನಮ್ಮ ರಸಾಯನಶಾಸ್ತ್ರ

ರಾವೂರಿನ ನಮಗೆ ಹತ್ತಿರದ ದೊಡ್ಡ ನಿಲ್ದಾಣ ವಾಡಿ ಜಂಕ್ಷನ್. 1874ರಲ್ಲಿ, ನಿಜಾಮರ ಕಾಲದಲ್ಲಿ ಆರಂಭವಾದ ಸಿಕಂದರಾಬಾದ್ ಮಾರ್ಗವು ಮುಂಬೈ–ಚೆನ್ನೈ ಮಾರ್ಗವನ್ನು ಕೂಡುವುದು ಇಲ್ಲಿಯೇ. ಇಂಥ ಜನನಿಬಿಡ ನಿಲ್ದಾಣಗಳಲ್ಲಿ ಶೌಚಾಲಯ ಕೆಟ್ಟರೆ ಹೆಚ್ಚು ಕಷ್ಟ ಹೆಣ್ಣುಮಕ್ಕಳಿಗೆ. ಅದಕ್ಕೆ ಹೆದರಿ ಪ್ರಯಾಣದ ದಿನ ನೀರನ್ನೇ ಕುಡಿಯದವರಿದ್ದಾರೆ. ಇದರಿಂದ ಮೂತ್ರನಾಳದ ಸೋಂಕಿನ ಅಪಾಯ ಹೆಚ್ಚುತ್ತದೆ.

ಮೊದಲು ವಾಸನೆಯ ಕಾರಣ ನೋಡೋಣ. ತಾಜಾ ಮೂತ್ರಕ್ಕೆ ಅಷ್ಟು ವಾಸನೆ ಇರುವುದಿಲ್ಲ. ಬ್ಯಾಕ್ಟೀರಿಯಾಗಳ ಯೂರಿಯೇಸ್ ಕಿಣ್ವವು ಅದರಲ್ಲಿರುವ ಯೂರಿಯಾವನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಅಮೋನಿಯಾದಿಂದ ದ್ರವ ಕ್ಷಾರೀಯವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಫಾಸ್ಫೇಟುಗಳು ಪೈಪಿನೊಳಗೆ ಗಟ್ಟಿಯಾಗಿ ಕೂರುತ್ತವೆ. ಸುಣ್ಣದ ಕಲ್ಲಿನ ನೆಲದ ಗಡಸು ನೀರು ಆ ಪದರವನ್ನು ಇನ್ನಷ್ಟು ದಪ್ಪ ಮಾಡುತ್ತದೆ. ಬ್ಯಾಕ್ಟೀರಿಯಾಗಳು ಅದರಲ್ಲೇ ಮನೆ ಮಾಡುತ್ತವೆ. ಫಿನಾಯಿಲ್ ಹಾಕಿದರೆ ವಾಸನೆ ಸ್ವಲ್ಪ ಹೊತ್ತು ಮುಚ್ಚುತ್ತದೆ, ಪದರ ಹೋಗುವುದಿಲ್ಲ.

ಪದರ ಕರಗಿಸಲು ಆಸಿಡ್ ಸುರಿಯುವುದು ರೂಢಿ. ಆದರೆ ನಮ್ಮ ಕಡೆ ನೆಲಕ್ಕೆ ಹಾಸುವುದು ಶಹಾಬಾದ್ ಪರಸಿ. ಅದೂ ಸುಣ್ಣದ ಕಲ್ಲೇ, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಪ್ರಯೋಗಾಲಯದಲ್ಲಿ ಪರಸಿಯ ಚೂರಿನ ಮೇಲೆ ನಾನು ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ನೋಡಿದೆ. ಲವಣ ವಿಶ್ಲೇಷಣೆಯಲ್ಲಿ ನಾವು ಕಾಣುವ ಅದೇ ನೊರೆ, ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡುವ ಅದೇ ಅನಿಲ. ಹೀಗೆ ದಿನವೂ ಕಲ್ಲು ಸವೆದು ಒರಟಾಗುತ್ತದೆ, ಸಿಮೆಂಟಿನ ಸಂದು ಬಿಡುತ್ತದೆ, ಮೂತ್ರ ಕೆಳಗಿಳಿಯುತ್ತದೆ. ಆಮೇಲೆ ಎಷ್ಟು ತೊಳೆದರೂ ವಾಸನೆ ಹೋಗದು.

ಇದಕ್ಕಿಂತ ದೊಡ್ಡ ಅಪಾಯ ಬ್ಲೀಚಿಂಗ್ ಪೌಡರಿಗೆ ಆಸಿಡ್ ಬೆರೆಸುವುದು. ಅದರಿಂದ ಹೊರಡುವ ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅದು ನೆಲದ ಹತ್ತಿರವೇ ನಿಲ್ಲುತ್ತದೆ. ಬಗ್ಗಿ ಉಜ್ಜುವ ಕಾರ್ಮಿಕರ ಶ್ವಾಸಕೋಶಕ್ಕೆ ನೇರವಾಗಿ ಹೋಗುತ್ತದೆ.

ವಾಡಿ, ಶಹಾಬಾದ್ ಎರಡೂ ಅಮೃತ್ ಭಾರತ್ ನಿಲ್ದಾಣ ಯೋಜನೆಯ ಪಟ್ಟಿಯಲ್ಲಿವೆ. ಹೊಸ ಕಟ್ಟಡದ ಅಂದದ ಜೊತೆಗೆ ಕೆಲವು ಸಣ್ಣ ಸಂಗತಿಗಳನ್ನೂ ನೋಡಬೇಕು:

1. ಪರಸಿ ಪ್ಲಾಟ್‌ಫಾರಂಗೆ ಇರಲಿ; ಶೌಚಾಲಯಕ್ಕೆ ನೀರು ಹೀರದ ಟೈಲ್ಸ್, ಎಪಾಕ್ಸಿ ಸಂದು ಬೇಕು.
2. ನೀರು ನಿಲ್ಲದಂತೆ ನೆಲಕ್ಕೆ ಇಳಿಜಾರು ಇರಬೇಕು.
3. ಅಮೋನಿಯಾ ಗಾಳಿಗಿಂತ ಹಗುರ, ಆದ್ದರಿಂದ ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ ಬೇಕು.
4. ಪದರ ತೆಗೆಯಲು ಪಿಂಗಾಣಿಯ ಒಳಗೆ ಮಾತ್ರ ಸಿಟ್ರಿಕ್ ಆಮ್ಲದಂಥ ಸೌಮ್ಯ ಆಮ್ಲ ಬಳಸಬೇಕು.
5. ಕಾರ್ಮಿಕರಿಗೆ ಕೈಗವಸು, ಬೂಟು ಮತ್ತು ಯಾವುದನ್ನು ಯಾವುದರ ಜೊತೆ ಬೆರೆಸಬಾರದು ಎಂಬ ಕನ್ನಡ ಫಲಕ ಕೊಡಬೇಕು.

ನಮಾಜಿಗೆ ಮೊದಲು ವುಜೂ ಮಾಡುವ ನಮಗೆ ತಹಾರತ್ ಹೊಸ ಪಾಠವಲ್ಲ. ನಾವು ಬಿಟ್ಟುಹೋಗುವ ಜಾಗಕ್ಕೂ ಅದು ಅನ್ವಯಿಸುತ್ತದೆ. ಬಳಸಿದ ಮೇಲೆ ನೀರು ಹಾಕಿ. ಪ್ಲಾಸ್ಟಿಕ್, ಗುಟ್ಕಾ ಚೀಟಿ ಒಳಗೆ ಎಸೆಯಬೇಡಿ. ನಲ್ಲಿ ಕೆಟ್ಟಿದ್ದರೆ, ನೀರಿಲ್ಲದಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ, ನಿಲ್ದಾಣದ ಹೆಸರು ಮತ್ತು ಪ್ಲಾಟ್‌ಫಾರಂ ಸಂಖ್ಯೆ ಹೇಳಿ ದೂರು ದಾಖಲಿಸಿ.