ಬ್ಯಾಂಕ್ ಕೆಲಸ ಬಿಟ್ಟ ಲೆಕ್ಕ

ಖಾಸಗಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿದ್ದ ಕೆಲಸಕ್ಕೆ 2018ರಲ್ಲಿ ರಾಜೀನಾಮೆ ಕೊಟ್ಟೆ. ಸ್ಟಾಫ್ ಲೋನ್ ಮೇಲೆ ಕೊಂಡಿದ್ದ ಮಂಗಳೂರಿನ ಫ್ಲ್ಯಾಟನ್ನೂ ಅದೇ ವರ್ಷ ಮಾರಿ, ಅಮ್ಮನನ್ನು ಕರೆದುಕೊಂಡು ಬಾಡಿಗೆ ಮನೆ ಸೇರಿದೆ. ನನ್ನ ಬದುಕಿನಲ್ಲಿ ಇಷ್ಟು ದುಡ್ಡು ನುಂಗಿದ ತೀರ್ಮಾನ ಇನ್ನೊಂದಿಲ್ಲ. ಇಸ್ಲಾಂ ಸ್ವೀಕರಿಸಿದ ಮೇಲೆ ಮಾಡಿದ್ದಾದ್ದರಿಂದ ಕೆಲವರಿಗೆ ಇದು ತ್ಯಾಗದ ಕಥೆ, ಕೆಲವರಿಗೆ ತಲೆಕೆಟ್ಟವನ ಕಥೆ. ಈ ಅಂಕಣದಲ್ಲಿ ನನಗೆ ಹೇಳಲಿಕ್ಕಿರುವುದು ಲೆಕ್ಕ. ಈಚೆಗೆ ಇದೇ ಸ್ಥಿತಿಯಲ್ಲಿರುವ ಯುವಕನೊಬ್ಬ ನನ್ನ ಬಳಿ ಬಂದಿದ್ದ. ಶಹಾದತ್ ಹೇಳಿ ಮುಸ್ಲಿಮನಾಗಿ ಹೆಚ್ಚು ದಿನವಾಗಿಲ್ಲ, ನಾಳೆಯೇ ಬ್ಯಾಂಕ್ ಕೆಲಸ ಬಿಡುತ್ತೇನೆ ಅನ್ನುತ್ತಿದ್ದಾನೆ. ಮನೆಯಲ್ಲಿ ಕಾಯಿಲೆ ಬಿದ್ದ ಅಪ್ಪ, ಕಾಲೇಜಿಗೆ ಹೋಗುವ ತಂಗಿ. ಖಾತೆಯಲ್ಲಿ ಎರಡು ತಿಂಗಳ ಖರ್ಚಿಗಾಗುವಷ್ಟೂ ಇಲ್ಲ.

ಬಡ್ಡಿಯ ವಿಷಯದಲ್ಲಿ ಕುರ್‌ಆನಿನ ಎರಡನೇ ಅಧ್ಯಾಯದಲ್ಲಿ ಇರುವ ಮಾತು ಬಲು ಕಟುವಾದದ್ದು. ವ್ಯಾಪಾರ ಹಲಾಲ್, ಬಡ್ಡಿ ಹರಾಮ್. ಹದೀಸಿನಲ್ಲಿ ಬಡ್ಡಿ ತಿನ್ನುವವನ ಜೊತೆಗೆ ಕೊಡುವವನನ್ನೂ, ಅದರ ಪತ್ರ ಬರೆಯುವವನನ್ನೂ, ಸಾಕ್ಷಿ ನಿಲ್ಲುವವರನ್ನೂ ಸೇರಿಸಲಾಗಿದೆ. ಪತ್ರ ಬರೆಯುವುದೇ ನನ್ನ ಉದ್ಯೋಗವಾಗಿತ್ತು. ಬ್ಯಾಂಕಿನ ಬಾಗಿಲು ಕಾಯುವವನಿಗೂ ಸಾಲ ಮಂಜೂರು ಮಾಡುವವನಿಗೂ ವ್ಯತ್ಯಾಸವಿದೆ ಎನ್ನುವ ವಿದ್ವಾಂಸರಿದ್ದಾರೆ. ಆ ವ್ಯತ್ಯಾಸದಲ್ಲಿ ನಾನು ನಿಂತಿದ್ದ ಜಾಗ ಯಾವುದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗಿದ್ದೂ ನಾನು ಕೇಳಿಕೊಂಡು ಹೋದ ಉಸ್ತಾದರು ಕೆಲಸ ಬಿಡಿ ಅನ್ನಲಿಲ್ಲ. "ಕೆಲಸವೇ ಇಲ್ಲದವನು ಹೇಗೆ ಹುಡುಕುತ್ತಾನೋ ಹಾಗೆ ಬೇರೆ ಕೆಲಸ ಹುಡುಕಿ. ಸಿಕ್ಕಿದ ಮೇಲೆ ಒಂದು ದಿನವೂ ನಿಲ್ಲಬೇಡಿ. ಅಮ್ಮನನ್ನು ಉಪವಾಸ ಕೆಡವಿ ಬಿಡುವುದು ಬೇಡ" ಎಂದರು. ತಿಳಿದ ಮೇಲೆ ಬಡ್ಡಿ ಬಿಟ್ಟವನಿಗೆ ಹಿಂದೆ ಬಂದದ್ದು ಅವನದೇ ಎಂದು ಅದೇ ಅಧ್ಯಾಯದಲ್ಲಿ ಇರುವುದನ್ನೂ ತೋರಿಸಿದರು. ಹಳೆಯ ಸಂಬಳವನ್ನೆಲ್ಲ ಹಂಚಿಬಿಡಬೇಕೇ ಎಂದು ರಾತ್ರಿ ನಿದ್ದೆಗೆಟ್ಟಿದ್ದ ನನಗೆ ಆ ಒಂದು ವಿವರಣೆಯಿಂದ ಉಸಿರು ಬಂತು.

ಊರಿನವರು ಹೇಳುತ್ತಿದ್ದುದು ಬೇರೆ. ನಮ್ಮ ಕರಾವಳಿ ಬ್ಯಾಂಕುಗಳ ತವರು. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿತು, ಕರ್ಣಾಟಕ ಬ್ಯಾಂಕ್ 1924ರಲ್ಲಿ, ವಿಜಯಾ ಬ್ಯಾಂಕ್ 1931ರಲ್ಲಿ. ಇಲ್ಲಿ ಮಗನಿಗೆ ಬ್ಯಾಂಕ್ ಕೆಲಸ ಸಿಕ್ಕಿತೆಂದರೆ ಮನೆಯ ಕಷ್ಟ ಮುಗಿಯಿತು ಎಂದೇ ಅರ್ಥ. "ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ್ದು ಯಾರು ಮಾರಾಯ, ಮುಸಲ್ಮಾನರೇ ಅಲ್ಲವಾ?" ಎಂದು ಕೇಳಿದವರು ಒಬ್ಬಿಬ್ಬರಲ್ಲ. ನಿಜ, 1906ರಲ್ಲಿ ಉಡುಪಿಯಲ್ಲಿ ಅದನ್ನು ಆರಂಭಿಸಿದವರು ಹಾಜಿ ಅಬ್ದುಲ್ಲಾ ಹಾಜಿ ಖಾಸಿಂ ಸಾಹೇಬರು. ಆ ಮಹನೀಯರ ಬಗ್ಗೆ ನನಗೆ ಅಪಾರ ಗೌರವವಿದೆ; ಅವರ ಊರಿನ ಎಷ್ಟೋ ಮನೆಗಳಲ್ಲಿ ಒಲೆ ಉರಿದದ್ದು ಆ ಸಂಸ್ಥೆಯಿಂದ. ಆದರೆ ಅವರ ಉತ್ತರ ಅವರದು, ನನ್ನ ಉತ್ತರ ನಾನೇ ಕೊಡಬೇಕು. ಬ್ಯಾಂಕಿನಲ್ಲಿ ಜೊತೆಗೆ ದುಡಿದವರನ್ನು ಕೀಳಾಗಿ ಕಾಣುವ ಬುದ್ಧಿ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಇನ್ನು ಲೆಕ್ಕ. ಬೇರೆ ಕೆಲಸ ಸಿಕ್ಕಿದ್ದು ಗೇರುಬೀಜ ರಫ್ತು ಮಾಡುವ ಕಂಪೆನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ. ಬ್ಯಾಂಕಿನಲ್ಲಿ ಕೈಗೆ 58,000 ಬರುತ್ತಿತ್ತು, ಇಲ್ಲಿ 36,000. ತಿಂಗಳಿಗೆ 22,000 ಖೋತಾ, ವರ್ಷಕ್ಕೆ 2,64,000. ಇದು ಸುಲಭವಾಗಿ ಸಿಗುವ ಲೆಕ್ಕ. ಸುಲಭವಲ್ಲದ್ದು ಫ್ಲ್ಯಾಟಿನದು. ಅದನ್ನು ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಫ್ಲ್ಯಾಟಿನ ಬೆಲೆ 38 ಲಕ್ಷ. ಕೈಯಿಂದ 8 ಲಕ್ಷ, ಶೇ 6ರ ಸ್ಟಾಫ್ ದರದಲ್ಲಿ 20 ವರ್ಷಕ್ಕೆ 30 ಲಕ್ಷ ಸಾಲ. ಮುದ್ರಾಂಕ ಶುಲ್ಕ, ನೋಂದಣಿ ಎಲ್ಲ ಸೇರಿ ಎರಡೂವರೆ ಲಕ್ಷ. ಇಎಂಐ 21,493. ನಾಲ್ಕು ವರ್ಷ, ಅಂದರೆ 48 ಕಂತು ಕಟ್ಟಿದ್ದು 10,32,000. ಅದರಲ್ಲಿ ಅಸಲಿಗೆ ಹೋದದ್ದು ಮೂರೂವರೆ ಲಕ್ಷ ಮಾತ್ರ, ಮಿಕ್ಕ 6,80,000 ಬಡ್ಡಿ. ಸಾಲ ಕೊಡುವವನಾಗಿ ಈ ಪಟ್ಟಿಯನ್ನು ಎಷ್ಟೋ ಜನರಿಗೆ ಮುದ್ರಿಸಿ ಕೊಟ್ಟಿದ್ದೆ. ನಾಲ್ಕು ವರ್ಷದ ಕೊನೆಗೆ ಬಾಕಿ ಉಳಿದದ್ದು 26,49,000.

ರಾಜೀನಾಮೆ ಕೊಟ್ಟ ಕೂಡಲೇ ಸ್ಟಾಫ್ ದರ ಹೋಗುತ್ತದೆ. ಮಾರುಕಟ್ಟೆಯ ದರ ಶೇ 9 ಎಂದಿಟ್ಟುಕೊಂಡರೆ ಉಳಿದ 16 ವರ್ಷಕ್ಕೆ ಇಎಂಐ 26,000 ದಾಟುತ್ತದೆ. ಸಂಬಳ 36,000, ಕಂತು 26,000. ಮೂರು ಹೊತ್ತಿನ ಊಟ, ಅಮ್ಮನ ಬಿಪಿ ಮಾತ್ರೆ, ಕರೆಂಟು, ಬಸ್ಸು ಎಲ್ಲಕ್ಕೂ ಹತ್ತು ಸಾವಿರ. ಬಡ್ಡಿ ಹರಾಮ್ ಎಂಬ ವಿಚಾರ ಪಕ್ಕಕ್ಕಿಟ್ಟರೂ ಆ ಫ್ಲ್ಯಾಟ್ ನನ್ನ ಕೈಯಲ್ಲಿ ಉಳಿಯುತ್ತಿರಲಿಲ್ಲ. ಸ್ಟಾಫ್ ಲೋನ್ ತೆಗೆದುಕೊಂಡ ಪ್ರತಿಯೊಬ್ಬರೂ ಇದನ್ನು ತಿಳಿದಿರಬೇಕು: ಆ ಅಗ್ಗದ ದರದಲ್ಲೇ ನಿಮ್ಮನ್ನು ಕೆಲಸಕ್ಕೆ ಕಟ್ಟಿಹಾಕುವ ಹಗ್ಗವಿದೆ.

ಮಾರಿದ್ದು 40 ಲಕ್ಷಕ್ಕೆ. ಬ್ರೋಕರ್‌ಗೆ 40,000, ಬ್ಯಾಂಕಿಗೆ 26,49,000. ಕೈಗೆ ಬಂದದ್ದು 13,11,000. ಹಾಕಿದ್ದು 8 ಲಕ್ಷ, 2,50,000, 10,32,000, ಕೂಡಿದರೆ 20,82,000. ವ್ಯತ್ಯಾಸ 7,71,000. ಆದರೆ ನಾಲ್ಕು ವರ್ಷ ಆ ಮನೆಯಲ್ಲಿ ವಾಸವಿದ್ದೆವಲ್ಲ. ಅಂಥ ಮನೆಗೆ ಆಗ 11,000 ಬಾಡಿಗೆ, 48 ತಿಂಗಳಿಗೆ 5,28,000. ಅದನ್ನು ಕಳೆದರೆ ನಿಜವಾದ ನಷ್ಟ 2,43,000. ಐದು ವರ್ಷ ತುಂಬುವ ಮೊದಲು ಮಾರಿದ್ದರಿಂದ ಆದಾಯ ತೆರಿಗೆ ಕಾಯ್ದೆಯ 80ಸಿ ಅಡಿ ಅಸಲಿಗೆ ಪಡೆದಿದ್ದ ವಿನಾಯಿತಿ ಆ ವರ್ಷದ ಆದಾಯಕ್ಕೆ ಸೇರಿತು; ಹಿಂದೆ ಉಳಿಸಿದ್ದು ಈಗ ಹೋಯಿತು, ಆದ್ದರಿಂದ ಎರಡು ಕಡೆಯೂ ಬರೆದಿಲ್ಲ. ಬಡ್ಡಿಯ ಮೇಲಿನ ವಿನಾಯಿತಿ ಮತ್ತು ಸ್ಟಾಫ್ ಲೋನಿನ ಪರ್ಕ್ವಿಸಿಟ್ ತೆರಿಗೆಯನ್ನೂ ಬಿಟ್ಟಿದ್ದೇನೆ. ಎಂಟು ಲಕ್ಷವನ್ನು ಎಫ್‌ಡಿಯಲ್ಲಿ ಇಟ್ಟಿದ್ದರೆ ಎಷ್ಟಾಗುತ್ತಿತ್ತು ಎಂಬ ಸಾಲು ಬೇಕಾದವರು ಸೇರಿಸಿಕೊಳ್ಳಲಿ, ನನ್ನ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ.

ಅಂದರೆ ಎಲ್ಲರೂ ಅಯ್ಯೋ ಅಂದ ಮನೆಯ ನಷ್ಟ ಒಂದು ವರ್ಷದ ಸಂಬಳದ ಖೋತಾಕ್ಕಿಂತಲೂ ಕಡಿಮೆ. ಮನೆ ಮಾರುವುದಕ್ಕೆ ಹೆದರಿ ಕೆಲಸ ಬಿಡದೆ ಕೂತವರನ್ನು ಬಲ್ಲೆ. ಅವರು ಹೆದರಬೇಕಾದದ್ದು ಸಂಬಳದ ವಿಷಯಕ್ಕೆ, ತಯಾರಿ ಬೇಕಾದದ್ದೂ ಅಲ್ಲಿಗೇ. ನಾವು ಮಾಡಿದ್ದು ಇಷ್ಟು: ಬ್ಯಾಂಕ್ ಬಿಡುವ ಮೊದಲೇ ಮುಂದೆ ಬರಬಹುದಾದ ಸಂಬಳ ಎಷ್ಟೆಂದು ಅಂದಾಜು ಮಾಡಿ, ಅಷ್ಟರಲ್ಲೇ ಮನೆ ನಡೆಸಲು ಶುರು ಮಾಡಿದೆವು. ಉಳಿದದ್ದನ್ನು ಕ್ರೆಡಿಟ್ ಕಾರ್ಡ್ ಮತ್ತು ವಾಹನ ಸಾಲ ತೀರಿಸಲು ಹಾಕಿದೆ. ಅಮ್ಮನಿಗೆ ನನ್ನ ಮತಾಂತರದ ಬಗ್ಗೆ ನೋವಿತ್ತು, ಆದರೂ ಈ ಲೆಕ್ಕದಲ್ಲಿ ನನ್ನ ಜೊತೆ ನಿಂತರು. "ಸಾಲ ಇಲ್ಲದೆ ಮಲಗುವುದು ಯಾವ ದೇವರಿಗೂ ಬೇಡ ಅನ್ನಿಸುವುದಿಲ್ಲ" ಎಂದರು.

ಗ್ರಾಚ್ಯುಟಿಗೆ ಐದು ವರ್ಷ ತುಂಬಲು ಕೆಲವೇ ತಿಂಗಳಿದ್ದರೆ ಏನು ಮಾಡಬೇಕು ಎಂದು ಆ ಯುವಕ ಕೇಳಿದ. ಮೂಲ ವೇತನ 32,000 ಇದ್ದರೆ ಐದು ವರ್ಷಕ್ಕೆ ಸಿಗುವುದು 92,000 ಚಿಲ್ಲರೆ. ಹೇಗೂ ಖಾಸಗಿ ಬ್ಯಾಂಕುಗಳಲ್ಲಿ ಮೂರು ತಿಂಗಳ ನೋಟಿಸ್ ಸಾಮಾನ್ಯ, ಕೆಲಸ ಹುಡುಕಲೂ ಸಮಯ ಬೇಕು. ಹುಡುಕುತ್ತಲೇ ಇದ್ದರೆ ಆ ತಿಂಗಳುಗಳು ತಾವಾಗಿ ಕಳೆಯುತ್ತವೆ. ಪಿಎಫ್ ಹಿಂತೆಗೆಯದೆ ಅದೇ ಯುಎಎನ್‌ನಲ್ಲಿ ವರ್ಗಾಯಿಸಿ. ಕಡ್ಡಾಯ ಪಿಎಫ್‌ಗೆ ಸೇರುವ ಹೆಚ್ಚುವರಿ ಹಣವನ್ನು ಬಡ್ಡಿಯೆಂದು ಎಣಿಸದ ಮುಫ್ತಿಗಳು ನಮ್ಮಲ್ಲಿ ಹಲವರಿದ್ದಾರೆ. ಸ್ವಂತ ಇಚ್ಛೆಯಿಂದ ಕಟ್ಟುವ ವಿಪಿಎಫ್ ವಿಷಯ ಬೇರೆ, ಕೇಳಿಯೇ ಮುಂದುವರಿಯಿರಿ. ಉಳಿತಾಯ ಖಾತೆಗೆ ಬೀಳುವ ಬಡ್ಡಿಯನ್ನು ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಟ್ಟುಬಿಡಿ. ಸಾವರಿನ್ ಗೋಲ್ಡ್ ಬಾಂಡಿನಲ್ಲೂ ವರ್ಷಕ್ಕೆ ಶೇ 2.5 ಬಡ್ಡಿಯಿದೆ ಎಂಬುದು ನೆನಪಿರಲಿ. ಟಾಟಾ ಎಥಿಕಲ್ ಫಂಡ್, ಶರಿಯಾ ಬೀಸ್‌ನಂಥ ಶರಿಯಾ ಫಂಡ್‌ಗಳ ಬಗ್ಗೆ ಇನ್ನೊಮ್ಮೆ ವಿವರವಾಗಿ ಬರೆಯುತ್ತೇನೆ.

ಈಗ ನನಗೆ ಸಿಟ್ಟು ತರಿಸುವ ಸಂಗತಿಗೆ ಬರುತ್ತೇನೆ. ಫ್ಲ್ಯಾಟ್ ಮಾರಿದ ಸುದ್ದಿ ಹಬ್ಬಿದ್ದೇ ತಡ, ಮಸೀದಿಯ ಹೊರಗೆ ಒಬ್ಬರು ಕಾದು ನಿಂತರು. ಬಾಯಿ ತುಂಬ ಸಲಾಂ, ಕೈಯಲ್ಲಿ ಬಣ್ಣದ ಕರಪತ್ರ. ತಿಂಗಳಿಗೆ ಶೇ 3 ಹಲಾಲ್ ಲಾಭ, ಬಡ್ಡಿಯ ಸೋಂಕಿಲ್ಲ, ಆಲಿಮರ ಒಪ್ಪಿಗೆ ಇದೆ. ನಾನು ಕೊಡಲಿಲ್ಲ. ಸಾಲ ವಿಭಾಗದಲ್ಲಿ ಕೂತು ವ್ಯಾಪಾರಿಗಳ ಬ್ಯಾಲೆನ್ಸ್ ಶೀಟ್ ನೋಡುತ್ತಲೇ ವರ್ಷಗಟ್ಟಲೆ ಕಳೆದವನು ನಾನು. ವರ್ಷಕ್ಕೆ ಶೇ 36ನ್ನು ಎಲ್ಲರಿಗೂ ಹಂಚಿ ತಾನೂ ಬದುಕುವ ವ್ಯಾಪಾರ ನಮ್ಮ ಬಂದರಿನಲ್ಲೂ ಇಲ್ಲ, ಬೆಂಗಳೂರಿನ ಚಿಕ್ಕಪೇಟೆಯಲ್ಲೂ ಇಲ್ಲ. ಮರುವರ್ಷ, 2019ರ ಜೂನ್‌ನಲ್ಲಿ, ಹಲಾಲ್ ಲಾಭದ ಹೆಸರಿನಲ್ಲಿ ಹಣ ಸಂಗ್ರಹಿಸಿದ್ದ ಬೆಂಗಳೂರಿನ ಐಎಂಎ ಕಂಪೆನಿ ಕುಸಿಯಿತು. ಮಾಲೀಕ ಮನ್ಸೂರ್ ಖಾನ್ ದುಬೈಗೆ ಹೋಗಿದ್ದರು, ಜುಲೈನಲ್ಲಿ ದೆಹಲಿ ವಿಮಾನ ನಿಲ್ದಾಣದಲ್ಲಿ ಬಂಧನವಾಯಿತು. ಮಗಳ ಮದುವೆಗೆ ಕೂಡಿಟ್ಟವರು, ಗಲ್ಫಿನಿಂದ ಬಂದ ಹಣ ಹಾಕಿದ ಹೆಂಗಸರು, ನಿವೃತ್ತಿಯ ಗಂಟು ಇಟ್ಟವರು ಶಿವಾಜಿನಗರದಲ್ಲಿ ದೂರು ಕೊಡಲು ಸಾಲುಗಟ್ಟಿದರು. ಬಡ್ಡಿಗೆ ಹೆದರಿ ಬ್ಯಾಂಕಿನಿಂದ ದೂರವಿದ್ದ ದೈವಭಕ್ತರೇ ಅವರಲ್ಲಿ ಎಷ್ಟೋ ಮಂದಿ. ಅವರ ಭಕ್ತಿಯನ್ನೇ ಬಂಡವಾಳ ಮಾಡಿಕೊಂಡ ವಂಚನೆಗೆ ಕ್ಷಮೆಯಿಲ್ಲ.

ಇಂಥ ಯೋಜನೆ ತಂದವರನ್ನು ಒಂದೇ ಪ್ರಶ್ನೆ ಕೇಳಿ: ಕಳೆದ ವರ್ಷ ಯಾವ ತಿಂಗಳು ನಷ್ಟವಾಯಿತು, ಆಗ ಪಾಲುದಾರರಿಂದ ಎಷ್ಟು ಕಡಿತ ಮಾಡಿದಿರಿ? ಒಬ್ಬರ ಬಂಡವಾಳ, ಇನ್ನೊಬ್ಬರ ದುಡಿಮೆ ಸೇರುವ ಮುದಾರಬ ಪಾಲುದಾರಿಕೆಯಲ್ಲಿ ಬಂಡವಾಳ ಹಾಕಿದವನು ನಷ್ಟ ಹೊರಲೇಬೇಕು. ನಷ್ಟವೇ ಇಲ್ಲದ, ತಿಂಗಳು ತಿಂಗಳು ಇಂತಿಷ್ಟೇ ಎಂದು ಮೊದಲೇ ಗೊತ್ತಾದ ಲಾಭಕ್ಕೆ ಅರಬ್ಬಿಯಲ್ಲಿ ಯಾವ ಹೆಸರು ಕೊಟ್ಟರೂ ಅದು ಬಡ್ಡಿಯೇ. ನಮ್ಮ ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ದಾರಿ ಮಾಡಿ ಎಂದು ರಘುರಾಮ್ ರಾಜನ್ ಸಮಿತಿ 2008ರಲ್ಲೇ ಹೇಳಿತ್ತು. ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಕೈಬಿಟ್ಟದ್ದು 2017ರಲ್ಲಿ ಮಾಹಿತಿ ಹಕ್ಕಿನ ಉತ್ತರದಿಂದ ಹೊರಬಂತು. ಬಾಗಿಲು ಮುಚ್ಚಿದ ಕಡೆ ಕಳ್ಳದಾರಿ ತೆರೆಯುವವರು ಹುಟ್ಟಿಕೊಳ್ಳುತ್ತಾರೆ.

ಹೊಸ ಮುಸ್ಲಿಮರು ಮರೆಯುವ ಇನ್ನೊಂದು ಕೆಲಸ ಉಯಿಲು. ಮತ ಬದಲಿಸಿದ ಮಾತ್ರಕ್ಕೆ ಹಿಂದೂ ತಂದೆತಾಯಿಯ ಆಸ್ತಿಯಲ್ಲಿ ನಿಮ್ಮ ಹಕ್ಕು ಹೋಗದು. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮಿನ ಪ್ರಕಾರ ಮತಾಂತರದ ನಂತರ ಹುಟ್ಟಿ ಹಿಂದೂಗಳಾಗಿರದ ನಿಮ್ಮ ಮಕ್ಕಳಿಗೆ ಹಿಂದೂ ಬಂಧುಗಳ ಆಸ್ತಿಯಲ್ಲಿ ಉತ್ತರಾಧಿಕಾರವಿಲ್ಲ. ಅದಕ್ಕಿಂತ ಮುಖ್ಯವಾದದ್ದು, ನೀವು ಮೊದಲು ತೀರಿಕೊಂಡರೆ ಇಸ್ಲಾಮಿನ ಉತ್ತರಾಧಿಕಾರ ನಿಯಮದಲ್ಲಿ ಮುಸ್ಲಿಮೇತರ ತಾಯಿಗೆ ಪಾಲು ಬರುವುದಿಲ್ಲ. ಆಸ್ತಿಯ ಮೂರನೇ ಒಂದು ಭಾಗದವರೆಗೆ ಉಯಿಲು ಬರೆಯಲು ಅವಕಾಶವಿದೆ. ನಾನು ಆ ಪೂರ್ತಿ ಭಾಗವನ್ನು ಅಮ್ಮನ ಹೆಸರಿಗೆ ಬರೆದಿಟ್ಟಿದ್ದೇನೆ. ನಾಮಿನಿ ಹೆಸರು ಹಾಕಿದರೆ ಸಾಕು ಎಂದು ಸುಮ್ಮನಿರಬೇಡಿ. ನಾಮಿನಿ ಬಹುಪಾಲು ಹಣ ಪಡೆದುಕೊಳ್ಳುವವನಷ್ಟೇ, ವಾರಸುದಾರನಲ್ಲ.

ಆ ಯುವಕನಿಗೆ ನಾನು ಹೇಳಿದ್ದು ಇಷ್ಟು. ಹೊಸ ಸಾಲ ಒಂದೂ ಬೇಡ. ಮೊಬೈಲಿನಿಂದ ಹಿಡಿದು ಯಾವುದೂ ಕಂತಿನ ಮೇಲೆ ಬೇಡ. ಆರು ತಿಂಗಳ ಮನೆಖರ್ಚು ಒಟ್ಟುಮಾಡು. ಪ್ರತಿ ವಾರ ಎಷ್ಟು ಕಡೆ ಅರ್ಜಿ ಹಾಕಿದೆ ಎಂದು ಬರೆದಿಡು, ಇಲ್ಲವಾದರೆ "ಹುಡುಕುತ್ತಿದ್ದೇನೆ" ಎಂಬ ಮಾತಿನಲ್ಲೇ ಹತ್ತು ವರ್ಷ ಕಳೆಯುತ್ತದೆ. ಹಾಗೆ ಕಳೆದವರನ್ನು ಕಂಡಿದ್ದೇನೆ. ಬಿಡುವ ದಿನವನ್ನು ಅಪ್ಪನಿಗೂ ತಂಗಿಗೂ ಮುಂಚೆಯೇ ಹೇಳು. ನಿನ್ನ ನಂಬಿಕೆಯ ಬೆಲೆಯನ್ನು ನೀನು ತೆರಬೇಕು, ಅದನ್ನು ಅವರ ಔಷಧಿಯ, ಅವಳ ಫೀಸಿನ ಹಣದಿಂದ ಕೊಡಬೇಡ.

ಜಮಾಅತ್ ಕಮಿಟಿಯ ಹಿರಿಯರಲ್ಲಿಯೂ ಒಂದು ಮನವಿಯಿದೆ. ಬ್ಯಾಂಕಿನಲ್ಲೋ ಬಾರಿನಲ್ಲೋ ದುಡಿಯುವ ಯಾರಾದರೂ ಹೊಸದಾಗಿ ನಿಮ್ಮ ಮಸೀದಿಯ ಮೆಟ್ಟಿಲು ಹತ್ತಿದರೆ, ಆ ಸಂಬಳ ಹರಾಮ್ ಎಂದು ಹೇಳುವುದಕ್ಕೆ ಮೊದಲು ನಿಮ್ಮಲ್ಲಿರುವ ವ್ಯಾಪಾರಿಗಳನ್ನು, ರಫ್ತುದಾರರನ್ನು, ಶಾಲೆ ಆಸ್ಪತ್ರೆ ನಡೆಸುವವರನ್ನು ಕರೆಸಿ ಕೂರಿಸಿ. ಲೆಕ್ಕ ಬರೆಯಬಲ್ಲ ಒಬ್ಬನಿಗೆ ಕೆಲಸ ಕೊಡುವ ಶಕ್ತಿ ನಿಮ್ಮ ಸಭೆಯಲ್ಲೇ ಇರುತ್ತದೆ. ಅದಾಗುವವರೆಗೆ ಝಕಾತ್ ನಿಧಿಯಿಂದ ಅವನ ಮನೆ ಬಾಡಿಗೆಯನ್ನು ಕಟ್ಟಿ. ಇಸ್ಲಾಮಿಗೆ ಹೊಸದಾಗಿ ಮನಸ್ಸು ಕೊಟ್ಟವರೂ ಸಾಲದಲ್ಲಿ ಸಿಕ್ಕಿದವರೂ ಝಕಾತಿಗೆ ಅರ್ಹರಾದ ಎಂಟು ವರ್ಗಗಳ ಪಟ್ಟಿಯಲ್ಲೇ ಇದ್ದಾರೆ. ಮಸೀದಿಯ ಹೊರಗೆ ಕರಪತ್ರ ಹಿಡಿದು ನಿಲ್ಲುವವರನ್ನು ದಯವಿಟ್ಟು ಅಲ್ಲಿಂದ ಎಬ್ಬಿಸಿ.